ಕ್ಯಾಂಪರ್ ಜೀರ್ಣೋದ್ಧಾರ ಮೀಮಾಂಸೆ

ಅಮೆರಿಕದಲ್ಲಿ ಪಿಕಪ್ ಎಂದು ಕರೆಯುವ, ಮುಂದೆ ಚಾಲಕನ ಕೋಣೆಯೂ ಹಿಂದೆ ತೆರೆದ ಸರಕು ತೊಟ್ಟಿಯೂ ಇರುವ ಟ್ರಕ್ಕಿನ ತೊಟ್ಟಿಯೊಳಗೆ ಇಳಿಸಿ ಕೂರಿಸಬಹುದಾದ, ಪ್ರವಾಸ ಮುಗಿದ ಮೇಲೆ ನಾಲ್ಕು ಮೂಲೆಗಳ ಜಾಕುಗಳ ಮೇಲೆ ಎತ್ತಿ ನಿಲ್ಲಿಸಿ ಟ್ರಕ್ಕನ್ನು ಅದರ ಅಡಿಯಿಂದ ಮೆಲ್ಲಗೆ ಹೊರತೆಗೆದುಕೊಳ್ಳಬಹುದಾದ ಪುಟ್ಟ ಮನೆಗೆ ಟ್ರಕ್ ಕ್ಯಾಂಪರ್ ಎಂದು ಹೆಸರು. ಇದಕ್ಕೆ ಸ್ವಂತ ಗಾಲಿಗಳಿಲ್ಲ, ಎಂಜಿನ್ ಇಲ್ಲ, ಅಡಿಪಾಯವಂತೂ ಇಲ್ಲವೇ ಇಲ್ಲ. ಆದ್ದರಿಂದ ಅಲ್ಲಿನ ಹಲವು ರಾಜ್ಯಗಳ ಕಾನೂನು ಇದನ್ನು ಮನೆಯೆಂದು ಒಪ್ಪದೆ, ವಾಹನವೆಂದು ನೋಂದಾಯಿಸಿಕೊಳ್ಳದೆ, ಆಲೂಗೆಡ್ಡೆ ಮೂಟೆಗಳ ಪಂಕ್ತಿಯಲ್ಲಿ ಕೂರಿಸಿ ಬರಿಯ ಸರಕು ಎಂದು ಪರಿಗಣಿಸುತ್ತದೆ. ಈ ಸರಕಿನ ಹೊಟ್ಟೆಯೊಳಗೆ ಮೂರು ಉರಿಗಳ ಒಲೆ, ಕೈಪಂಪಿನ ನಲ್ಲಿ, ಮಂಜುಗಡ್ಡೆಯ ಪೆಟ್ಟಿಗೆ ಇಲ್ಲವೇ ಫ್ರಿಜ್, ಹಗಲು ಊಟದ ಮೇಜಾಗಿದ್ದು ರಾತ್ರಿ ಹಾಸಿಗೆಯಾಗುವ ಒಂದು ಹಲಗೆ, ಚಾಲಕನ ನೆತ್ತಿಯ ಮೇಲಕ್ಕೆ ಚಾಚಿಕೊಂಡ ಒಂದು ಅಟ್ಟ, ಆ ಅಟ್ಟದಲ್ಲಿ ಇಬ್ಬರು ಮಲಗಬಹುದಾದ ಮತ್ತು ಒಬ್ಬರೂ ಎದ್ದು ಕೂರಲಾಗದ ಒಂದು ಶಯನಸ್ಥಾನ, ಇಷ್ಟೂ ಇರುತ್ತವೆ. ಇಂಥ ಕ್ಯಾಂಪರೊಂದು ಅರ್ಧ ಶತಮಾನ ಹಳೆಯದಾದ ಮೇಲೆ, ಅದನ್ನು ಕಡಿಮೆ ಖರ್ಚಿನಲ್ಲಿ ಮೊದಲಿನಂತೆ ಮಾಡಬಹುದು ಎಂಬ ನಂಬಿಕೆ ಒಬ್ಬ ಗೃಹಸ್ಥನಲ್ಲಿ ಮೂಡಿದರೆ ಏನೇನು ಸಂಭವಿಸುತ್ತದೆ ಎಂಬುದನ್ನು ಕ್ರಮವಾಗಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಈ ವಸ್ತುವಿನ ಉತ್ಕರ್ಷದ ಕಾಲವೆಂದರೆ ಎರಡನೆಯ ಮಹಾಯುದ್ಧದ ನಂತರದ ಮೂರು ದಶಕಗಳು. 1956ರ ಹೆದ್ದಾರಿ ಕಾಯಿದೆಯು 41,000 ಮೈಲಿಗಳ ಅಂತರರಾಜ್ಯ ರಸ್ತೆಜಾಲಕ್ಕೆ ಮಂಜೂರಾತಿ ಕೊಟ್ಟ ಮೇಲೆ, ರಸ್ತೆ ಹಾಕಿದ್ದಾರೆ ಎಂದಾದರೆ ಎಲ್ಲಿಗಾದರೂ ಹೋಗಲೇಬೇಕು ಎಂಬ ಭಾವನೆ ಮಧ್ಯಮವರ್ಗದಲ್ಲಿ ಬಲವಾಯಿತು; ಮಿಷಿಗನ್, ಇಂಡಿಯಾನಾ, ಕ್ಯಾಲಿಫೋರ್ನಿಯಾಗಳ ಸಣ್ಣ ಕಾರ್ಖಾನೆಗಳು ಕ್ಯಾಂಪರುಗಳನ್ನು ಕಟ್ಟತೊಡಗಿದವು; ಫೋರ್ಡ್ ಮತ್ತು ಷೆವ್ರೊಲೆಟ್ ಕಂಪನಿಗಳು ಗಟ್ಟಿ ಸ್ಪ್ರಿಂಗುಗಳನ್ನು ಜೋಡಿಸಿದ ‘ಕ್ಯಾಂಪರ್ ಸ್ಪೆಷಲ್’ ಪಿಕಪ್ಪುಗಳನ್ನು ಮಾರುಕಟ್ಟೆಗೆ ತಂದವು. ಮಿಷಿಗನ್ನಿನ ಬೆಂಟನ್ ಹಾರ್ಬರಿನ ಏವಿಯಾನ್ ಸಂಸ್ಥೆಯಂತೂ ವಿಮಾನ ಕಟ್ಟುವ ಕ್ರಮದಲ್ಲಿ ರಿವೆಟ್ ಹೊಡೆದ, ದುಂಡುಮೂಲೆಯ ಅಲ್ಯೂಮಿನಿಯಂ ಕ್ಯಾಂಪರುಗಳನ್ನು ತಯಾರಿಸಿತು. ಇವು ಇಂದು ಶ್ರೀಮಂತರ ಪಾಲಾಗಿರುವುದರಿಂದ ಮಿತವ್ಯಯವನ್ನು ಕುರಿತ ಈ ಚರ್ಚೆಯಲ್ಲಿ ಅವುಗಳಿಗೆ ಸ್ಥಾನವಿಲ್ಲ. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ನಿರ್ಬಂಧ ಹೇರಿದಾಗ ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆಯಿತು, ಊರೂರು ಸುತ್ತುವ ಮನೆಯನ್ನು ಹೊತ್ತು ತಿರುಗುವ ಉತ್ಸಾಹ ಇಳಿಯಿತು, ಸಣ್ಣ ತಯಾರಕರಲ್ಲಿ ಅನೇಕರು ಬಾಗಿಲು ಹಾಕಿದರು. ಅವರು ಕಟ್ಟಿದ ಕ್ಯಾಂಪರುಗಳು ಮಾತ್ರ ಕೊಟ್ಟಿಗೆಗಳ ಹಿಂದೆ, ಸೇಬಿನ ಮರಗಳ ಕೆಳಗೆ, ನೀಲಿ ಟಾರ್ಪಾಲಿನ ಅಡಿಯಲ್ಲಿ ಉಳಿದುಕೊಂಡು, ಜೀರ್ಣೋದ್ಧಾರಕನ ಬರವನ್ನು ಕಾಯುತ್ತ ನಿಂತಿವೆ.

ಜೀರ್ಣೋದ್ಧಾರಕನಿಗೆ ಕ್ಯಾಂಪರ್ ದೊರಕುವುದು ಸಾಮಾನ್ಯವಾಗಿ ಕಿರುಜಾಹೀರಾತಿನ ಮೂಲಕ. ಈ ಜಾಹೀರಾತುಗಳ ಶೈಲಿಗೆ ಒಂದು ಸಂಪ್ರದಾಯವಿದ್ದು, ಅದನ್ನು ಬಲ್ಲವರು ಮಾತ್ರ ಅರ್ಥೈಸಬಲ್ಲರು: ‘ಸ್ವಲ್ಪ ಅಕ್ಕರೆ ಬೇಡುತ್ತದೆ’ ಎಂದಿದ್ದರೆ ನೆಲ ಕುಸಿದಿದೆ ಎಂದೂ, ‘ಬೇಟೆಗೆ ಹೋಗುವವರಿಗೆ ಹೇಳಿ ಮಾಡಿಸಿದಂತಿದೆ’ ಎಂದಿದ್ದರೆ ಬಾಗಿಲು ಮುಚ್ಚುವುದಿಲ್ಲ ಎಂದೂ, ‘ಕಳೆದ ವರ್ಷ ಸೋರಲಿಲ್ಲ’ ಎಂದಿದ್ದರೆ ಕಳೆದ ವರ್ಷ ಬರಗಾಲವಿತ್ತು ಎಂದೂ, ‘ಅರ್ಧ ಕೆಲಸ ಮುಗಿದಿದೆ, ಸಮಯದ ಅಭಾವದಿಂದ ಮಾರಾಟಕ್ಕಿದೆ’ ಎಂದಿದ್ದರೆ ಹಿಂದಿನ ಜೀರ್ಣೋದ್ಧಾರಕನು ಗೋಡೆಯ ಹಲಗೆ ಬಿಚ್ಚಿ ಒಳಗಿರುವುದನ್ನು ಕಂಡು ಅದನ್ನು ಮತ್ತೆ ಮುಚ್ಚಿದ್ದಾನೆ ಎಂದೂ ತಿಳಿಯತಕ್ಕದ್ದು. ಇವೆಲ್ಲಕ್ಕಿಂತ ಅಪಾಯಕಾರಿಯಾದುದು ‘ಉಚಿತ, ನೀವೇ ಸಾಗಿಸಿಕೊಳ್ಳಿ’ ಎಂಬ ಪ್ರಕಟಣೆ. ಕಸದ ಗುಂಡಿಗೆ ಕ್ಯಾಂಪರ್ ಒಯ್ದು ಹಾಕಲು ಅಮೆರಿಕದಲ್ಲಿ ತೂಕದ ಲೆಕ್ಕದಲ್ಲಿ ಶುಲ್ಕ ತೆರಬೇಕಾಗುವುದರಿಂದ, ಉಚಿತವಾಗಿ ಕೊಡುವವನು ದಾನಿಯಂತೆ ಕಂಡರೂ ವಾಸ್ತವವಾಗಿ ಆ ವ್ಯವಹಾರದಲ್ಲಿ ಲಾಭ ಪಡೆಯುವವನು ಅವನೊಬ್ಬನೇ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳು ಎಂದು ಕನ್ನಡದ ಗಾದೆ ಹಂಗಿಸುತ್ತದೆಯಾದರೂ, ಕ್ಯಾಂಪರಿನ ವಿಷಯದಲ್ಲಿ ಮೊಳ ಹಾಕದೆ ಮನೆಗೆ ತಂದವರೇ ಹೆಚ್ಚು ಮಂದಿ ಹಾಳಾಗಿದ್ದಾರೆ.

ಕ್ಯಾಂಪರ್ ಮನೆಯಂಗಳಕ್ಕೆ ಬಂದ ದಿನವೇ ಜೀರ್ಣೋದ್ಧಾರಕನು ಒಂದು ಹೊಸ ನೋಟ್ ಪುಸ್ತಕವನ್ನು ತೆರೆದು, ಮೊದಲ ಪುಟದಲ್ಲಿ ಒಟ್ಟು ವೆಚ್ಚದ ಅಂದಾಜನ್ನು ದುಂಡಗೆ ಬರೆದು, ಕೆಳಗೆ ಎರಡು ಗೆರೆ ಎಳೆಯುತ್ತಾನೆ. ಈ ಪುಸ್ತಕದ ಬೆಲೆಯನ್ನು ಅದರಲ್ಲಿ ಬರೆಯುವುದಿಲ್ಲ. ಮುಂದೆ ಅದರಲ್ಲಿ ಬರೆಯದೆ ಉಳಿಯುವ ಅನೇಕ ವಸ್ತುಗಳ ಪೈಕಿ ಇದು ಮೊದಲನೆಯದು ಎಂಬ ಕಾರಣದಿಂದ ಇದಕ್ಕೆ ಚಾರಿತ್ರಿಕ ಮಹತ್ವವಿದೆ. ಕರ್ನಾಟಕದಲ್ಲಿ ಇಂಥ ಕೆಲಸ ಬಿದ್ದರೆ ಮನೆಯವರು ಮೇಸ್ತ್ರಿಯನ್ನೋ ಬಡಗಿಯನ್ನೋ ಕರೆದು, ಕುರ್ಚಿ ಹಾಕಿಕೊಂಡು ಎದುರಿಗೆ ಕೂತು, ಕಾಫಿ ಕೊಟ್ಟು, ನಡುನಡುವೆ ಸಲಹೆಯನ್ನೂ ಕೊಟ್ಟು ಮಾಡಿಸುತ್ತಾರೆ. ಅಮೆರಿಕದಲ್ಲಿ ಬಡಗಿಯ ಒಂದು ವಾರದ ಕೂಲಿ ಇಡೀ ಕ್ಯಾಂಪರಿನ ಬೆಲೆಯನ್ನು ಮೀರುವುದರಿಂದ ಕುರ್ಚಿಯಲ್ಲಿ ಕೂರುವ ಸುಖ ಅಲ್ಲಿನ ಗೃಹಸ್ಥನಿಗಿಲ್ಲ. ಬಡಗಿ, ಕಮ್ಮಾರ, ಪ್ಲಂಬರ್, ಎಲೆಕ್ಟ್ರಿಷಿಯನ್, ಇವರೆಲ್ಲರ ವೇಷವನ್ನೂ ಅವನೇ ಹಾಕಿ, ಎಲ್ಲರಿಗೂ ಸಂಬಳ ಬಾಕಿ ಉಳಿಸಿಕೊಳ್ಳಬೇಕು.

ಜೀರ್ಣೋದ್ಧಾರದ ತತ್ತ್ವವನ್ನು ತಿಳಿಯಲು ಕ್ಯಾಂಪರಿನ ಅಂಗರಚನೆಯನ್ನು ತಿಳಿಯುವುದು ಅಗತ್ಯ. ಆ ಕಾಲದ ಅಗ್ಗದ ಕ್ಯಾಂಪರಿನ ಅಸ್ಥಿಪಂಜರವೆಂದರೆ ಮುಕ್ಕಾಲು ಅಂಗುಲ ದಪ್ಪ, ಒಂದೂವರೆ ಅಂಗುಲ ಅಗಲದ ಪೈನ್ ಮರದ ರೀಪುಗಳ ಚೌಕಟ್ಟು. ಅದರ ಒಳಮೈಗೆ ಸ್ಟೇಪಲ್ ಹೊಡೆದು ಕೂರಿಸಿದ ಸುಮಾರು ಮೂರು ಮಿಲಿಮೀಟರ್ ದಪ್ಪದ ಪ್ಲೈವುಡ್. ಹೊರಮೈಗೆ ಕಾಗದಕ್ಕಿಂತ ತುಸುವೇ ಗಟ್ಟಿಯಾದ, ಮಡಿಕೆ ಮಡಿಕೆಯಾದ ಅಲ್ಯೂಮಿನಿಯಂ ತಗಡು. ಎರಡರ ನಡುವೆ ಚಳಿ ತಡೆಯಲೆಂದು ತುಂಬಿದ ಗಾಜಿನ ನಾರಿನ ಹತ್ತಿ. ಪಿಕಪ್ಪಿನ ತೊಟ್ಟಿಯಲ್ಲಿ ಎರಡು ಚಕ್ರಗಳ ಉಬ್ಬಿನ ನಡುವೆ ನಾಲ್ಕು ಅಡಿ ಅಗಲದ ಪ್ಲೈವುಡ್ ಹಾಳೆಯೊಂದು ಮಲಗುವಷ್ಟು ಜಾಗವಿರುತ್ತದೆ; ಕ್ಯಾಂಪರಿನ ಕೆಳಭಾಗ ಆ ಜಾಗದಲ್ಲಿ ಕುಗ್ಗಿ ಕೂತು, ಮೇಲ್ಭಾಗ ತೊಟ್ಟಿಯ ಅಂಚುಗಳನ್ನು ದಾಟಿ ಇಬ್ಬದಿಗೂ ರೆಕ್ಕೆಯಂತೆ ಹರಡಿಕೊಳ್ಳುತ್ತದೆ. ಇಂಥ ಪೆಟ್ಟಿಗೆಗೆ ಕಿಟಕಿಗಳಿಗಾಗಿ, ಗಾಳಿಗಂಡಿಗಾಗಿ, ಒಲೆಯ ಹೊಗೆಗಾಗಿ, ನೀರು ತುಂಬುವ ಬಾಯಿಗಾಗಿ ಒಂದೊಂದು ರಂಧ್ರ ಕೊರೆದದ್ದು ಸಾಲದೆಂಬಂತೆ, ಅಗಲ 80 ಅಂಗುಲ ಮುಟ್ಟಿದ ವಾಹನಗಳ ನೆತ್ತಿಯಲ್ಲಿ ಹಳದಿ ದೀಪಗಳಿರಬೇಕೆಂದು ಅಲ್ಲಿನ ನಿಯಮಗಳು ವಿಧಿಸುವುದರಿಂದ, ಗಾಳಿ ಮಳೆ ನೇರವಾಗಿ ಬಡಿಯುವ ಅಟ್ಟದ ಹಣೆಯ ಮೇಲೆಯೇ ಐದು ದೀಪಗಳನ್ನು ಸಾಲಾಗಿ ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಮಳೆಗಾಲದಲ್ಲಿ ಈ ದೀಪಗಳು ಬೆಳಕಿಗಿಂತ ನೀರನ್ನೇ ಹೆಚ್ಚು ದಕ್ಷತೆಯಿಂದ ಒಳಕ್ಕೆ ಸಾಗಿಸುತ್ತವೆ.

ನೀರಿನ ಸ್ವಭಾವವೂ ಇಲ್ಲಿ ವಿಚಾರಾರ್ಹವಾದುದು. ಅದು ಪ್ರವೇಶಿಸಿದ ಸ್ಥಳದಲ್ಲಿ ಕಾಣಿಸಿಕೊಳ್ಳುವುದಿಲ್ಲ. ಹಣೆಯ ದೀಪದ ಸ್ಕ್ರೂ ಪಕ್ಕದಲ್ಲಿ ಒಳನುಗ್ಗಿ, ತಗಡಿನ ಹಿಂಬದಿಯಲ್ಲಿ ಜಾರಿ, ರೀಪಿನ ಮೇಲೆ ವಿಶ್ರಮಿಸಿ, ಹತ್ತಿಯನ್ನು ನೆನೆಸಿ, ಕಡೆಗೆ ಅಡುಗೆಯ ಕಪಾಟಿನ ಮೂಲೆಯಲ್ಲಿ ಒಂದು ಕಂದು ಕಲೆಯಾಗಿ ದರ್ಶನ ಕೊಡುತ್ತದೆ. ಗೃಹಸ್ಥನು ಆ ಕಪಾಟಿನ ಮೇಲಿನ ಮಾಡಿಗೆ ಅಂಟು ಬಳಿದು ನಿಶ್ಚಿಂತನಾಗುತ್ತಾನೆ. ಮರದ ತೇವಾಂಶ ಶೇಕಡಾ 20ರೊಳಗೆ ಇರುವವರೆಗೆ ಅದನ್ನು ತಿನ್ನುವ ಶಿಲೀಂಧ್ರ ಬೆಳೆಯಲಾರದು. ಆದರೆ ಹೊರಗೆ ತಗಡೂ ಒಳಗೆ ಪ್ಲೈವುಡ್ಡೂ ಮುಚ್ಚಿಕೊಂಡ ಗೋಡೆಯೊಳಗೆ ಹೊಕ್ಕ ನೀರಿಗೆ ಹೊರಹೋಗುವ ದಾರಿಯಿಲ್ಲವಾಗಿ, ರೀಪು ವರ್ಷಗಟ್ಟಲೆ ಒದ್ದೆಯಾಗಿಯೇ ಇದ್ದು ಕುಂಬಾಗುತ್ತದೆ. ಇದರ ಜೊತೆಗೆ ಉಕ್ಕಿನ ಸ್ಕ್ರೂ ಮತ್ತು ಅಲ್ಯೂಮಿನಿಯಂ ತಗಡು ನೀರಿನ ಸಮ್ಮುಖದಲ್ಲಿ ಕೂಡಿದಾಗ ಅವೆರಡರ ನಡುವೆ ಪುಟ್ಟ ಬ್ಯಾಟರಿಯೊಂದು ಏರ್ಪಟ್ಟು, ಒಂದು ಲೋಹ ಇನ್ನೊಂದನ್ನು ತಿನ್ನತೊಡಗುತ್ತದೆ. ಅರ್ಧ ಶತಮಾನದ ಹಳೆಯ ಕ್ಯಾಂಪರಿನಲ್ಲಿ ಸರಿಯಾಗಿ ಕೆಲಸ ಮಾಡುವ ವಿದ್ಯುತ್ ವ್ಯವಸ್ಥೆ ಎಂದರೆ ಬಹುಶಃ ಇದೊಂದೇ. ಹನಿ ಹನಿ ಗೂಡಿದರೆ ಹಳ್ಳ ಎಂಬ ಮಾತನ್ನು ಹಿರಿಯರು ಉಳಿತಾಯದ ಪಾಠವಾಗಿ ಹೇಳಿಕೊಟ್ಟರು. ಆ ಹಳ್ಳ ಅಟ್ಟದ ಹಾಸಿಗೆಯ ಕೆಳಗೂ ಆಗಬಹುದೆಂದು ಅವರು ಎಣಿಸಿರಲಾರರು.

ಈಗ ಬಿಚ್ಚುವಿಕೆಯ ಅಧ್ಯಾಯ. ಬುದ್ಧಿವಂತನಾದ ಜೀರ್ಣೋದ್ಧಾರಕನು ಉಳಿಯ ತುದಿಯನ್ನು ಮೂಲೆಮೂಲೆಗೂ ಚುಚ್ಚಿ ನೋಡಿ, ಎಲ್ಲಿ ಅದು ಬೆಣ್ಣೆಗೆ ಇಳಿದಂತೆ ಇಳಿಯುತ್ತದೆಯೋ ಅಲ್ಲೊಂದು ಗುರುತು ಹಾಕುತ್ತಾನೆ. ಗುರುತು ಹಾಕಿದ ಕಡೆ ಮಾತ್ರ ಬಿಚ್ಚಬೇಕೆಂಬುದು ಮೂಲ ಸಂಕಲ್ಪವಾದರೂ, ಒಂದು ಹಲಗೆಯನ್ನು ತೆಗೆಯಬೇಕಾದರೆ ಅದರ ಮೇಲೆ ಕೂತ ಕಪಾಟನ್ನು ತೆಗೆಯಬೇಕು, ಕಪಾಟನ್ನು ತೆಗೆಯಬೇಕಾದರೆ ಒಲೆಯನ್ನು ಸರಿಸಬೇಕು, ಒಲೆಯನ್ನು ಸರಿಸಿದಾಗ ಅದರ ಹಿಂದಿನ ರೀಪು ತಾನಾಗಿಯೇ ಉದುರುತ್ತದೆ. ಈ ಹಂತದಲ್ಲಿ ತಿಳಿದುಬರುವ ಸಂಗತಿ ಏನೆಂದರೆ, ಮರದ ಚೌಕಟ್ಟು ತಗಡನ್ನು ಹೊತ್ತು ನಿಂತಿದೆ ಎಂಬುದು ತಯಾರಕರ ಕಾಲದ ನಿಜವಾಗಿದ್ದು, ಸದ್ಯಕ್ಕೆ ತಗಡೇ ಮರವನ್ನು ಹಿಡಿದುಕೊಂಡಿದೆ, ತಗಡನ್ನು ಬಣ್ಣ ಹಿಡಿದುಕೊಂಡಿದೆ, ಬಣ್ಣಕ್ಕೆ ಅಭ್ಯಾಸಬಲದ ಹೊರತು ಬೇರೆ ಆಧಾರವಿಲ್ಲ. ಆದ್ದರಿಂದ ಎಲ್ಲವನ್ನೂ ಒಮ್ಮೆಗೇ ಕಿತ್ತರೆ ಮೂಲದ ಆಕಾರವೇ ಕಳೆದುಹೋಗುತ್ತದೆ ಎಂದು ಅನುಭವಿಗಳು ಎಚ್ಚರಿಸುತ್ತಾರೆ. ಒಂದು ಕುಂಬು ರೀಪನ್ನು ತೆಗೆದು, ಅದನ್ನೇ ಅಚ್ಚಾಗಿಟ್ಟು ಹೊಸದನ್ನು ಕೊಯ್ದು, ಅಂಟು ಮತ್ತು ಸ್ಕ್ರೂ ಹಾಕಿ ಕೂರಿಸಿದ ಮೇಲೆಯೇ ಪಕ್ಕದ ರೀಪಿಗೆ ಕೈ ಹಾಕುವುದು ಶಾಸ್ತ್ರಸಮ್ಮತವಾದ ಕ್ರಮ. ಹಳೆಯ ರೀಪು ಅಚ್ಚಾಗಿ ಬರುವಷ್ಟು ಉಳಿದಿಲ್ಲದಿದ್ದರೆ ಎದುರು ಗೋಡೆಯ ಜೋಡಿ ರೀಪನ್ನು ಅಳೆಯಬಹುದು. ಎರಡು ಗೋಡೆಗಳೂ ಒಂದೇ ಅಳತೆಯಲ್ಲಿಲ್ಲ, ಕಾರ್ಖಾನೆಯವರಿಗೂ ಆ ದಿನ ಅವಸರವಿತ್ತು ಎಂಬುದು ಆಗ ಗೊತ್ತಾಗುತ್ತದೆ. ಈ ಕೆಲಸಕ್ಕೆ ಬೇಕಾಗುವ ಗರಗಸ, ಡ್ರಿಲ್, ಹತ್ತಾರು ಹಿಡಿಕಟ್ಟುಗಳು ಮತ್ತು ಸ್ಟೇಪಲ್ ಗನ್ನಿನ ಬೆಲೆಯನ್ನು ನೋಟ್ ಪುಸ್ತಕದಲ್ಲಿ ಬರೆಯುವ ಪದ್ಧತಿಯಿಲ್ಲ; ಉಪಕರಣಗಳು ಜೀವಮಾನದ ಆಸ್ತಿಯೆಂದೂ, ಒಂದು ಕ್ಯಾಂಪರಿನ ತಲೆಗೆ ಅವನ್ನು ಕಟ್ಟುವುದು ಅನ್ಯಾಯವೆಂದೂ ಜೀರ್ಣೋದ್ಧಾರಕರಲ್ಲಿ ಒಮ್ಮತವಿದೆ.

ಮರದ ಕೆಲಸ ಮುಗಿದ ಮೇಲೆ ನೀರನ್ನು ತಡೆಯುವ ಅಂಟುಗಳ ಪ್ರಶ್ನೆ ಏಳುತ್ತದೆ, ಇಲ್ಲಿ ಒಮ್ಮತ ಮುರಿಯುತ್ತದೆ. ಅಲ್ಯೂಮಿನಿಯಂ ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವ ಲೋಹ. ಮೂರು ಮೀಟರ್ ಉದ್ದದ ಮಾಡಿನ ತಗಡು 50 ಡಿಗ್ರಿ ಸೆಲ್ಸಿಯಸ್ ತಾಪವ್ಯತ್ಯಾಸಕ್ಕೆ ಸುಮಾರು ಮೂರೂವರೆ ಮಿಲಿಮೀಟರಿನಷ್ಟು ಬೆಳೆಯುವುದರಿಂದ, ಗಟ್ಟಿಯಾಗಿ ಒಣಗುವ ಯಾವ ಅಂಟೂ ಆ ಎಳೆದಾಟವನ್ನು ತಾಳಲಾರದೆ ಬಿರಿಯುತ್ತದೆ. ಹಳೆಯ ತಯಾರಕರು ಬಳಸಿದ ಪುಟ್ಟಿ ಪಟ್ಟಿ ಕಾಲಕ್ರಮದಲ್ಲಿ ಒಣಗಿ ಬಿಸ್ಕತ್ತಿನಂತಾಗಿರುತ್ತದೆ. ಅದರ ಸ್ಥಾನದಲ್ಲಿ, ಎಷ್ಟು ವರ್ಷವಾದರೂ ಮೆತ್ತಗೆ ಉಳಿಯುವ ಬ್ಯುಟೈಲ್ ಎಂಬ ರಬ್ಬರಿನ ಪಟ್ಟಿಯನ್ನು ತಗಡಿನ ಅಂಚುಗಳ ನಡುವೆ ಒತ್ತಿ ಕೂರಿಸಿ, ಮಾಡಿನ ಮೇಲಿನ ಸ್ಕ್ರೂಗಳಿಗೆ ತಾನಾಗಿ ಹರಡಿಕೊಳ್ಳುವ ಅಂಟನ್ನು ಸುರಿಯುವುದು ಇಂದಿನ ಪ್ರಾಜ್ಞರ ಮತ. ಇದಕ್ಕೆ ಪ್ರತಿಪಕ್ಷವಾಗಿ ಸಿಲಿಕೋನ್ ಪಂಥವೊಂದಿದೆ. ವಿನೆಗರಿನ ವಾಸನೆ ಬೀರುವ ಈ ಅಂಟು ಅಂಗಡಿಯಲ್ಲಿ ಕೈಗೆಟುಕುವ ಹಲಗೆಯಲ್ಲಿ, ಕೈಗೆಟುಕುವ ಬೆಲೆಗೆ ಸಿಗುತ್ತದೆ. ಆದರೆ ಒಮ್ಮೆ ಹಚ್ಚಿದ ಮೇಲೆ ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ, ಬೇರೆ ಅಂಟು ಹಿಡಿಯುವುದಿಲ್ಲ, ಕಿತ್ತರೆ ಪೂರ್ತಿ ಬರುವುದಿಲ್ಲ, ಬಿಟ್ಟರೆ ನೀರು ಬಿಡುವುದಿಲ್ಲ. ಹಿಂದಿನ ಮಾಲೀಕರು ಪ್ರತಿ ಮಳೆಗಾಲಕ್ಕೊಂದರಂತೆ ಹಚ್ಚಿಹೋದ ಸಿಲಿಕೋನ್ ಪದರಗಳನ್ನು ಕೆರೆಯುವುದರಲ್ಲೇ ವಾರಾಂತ್ಯಗಳು ಸವೆಯುತ್ತವೆ. ಬ್ಯುಟೈಲ್ ಮತದವರು ತಮ್ಮಲ್ಲೇ ಎಷ್ಟು ಜಗಳವಾಡಿದರೂ ಸಿಲಿಕೋನನ್ನು ಬಯ್ಯುವಾಗ ಒಂದಾಗುತ್ತಾರೆ ಎಂಬುದರಿಂದ, ಈ ಅಂಟು ಏನನ್ನೂ ಕೂಡಿಸುವುದಿಲ್ಲ ಎಂಬ ಅವರ ಆಕ್ಷೇಪವನ್ನು ತುಸು ತಿದ್ದಿಕೊಳ್ಳಬೇಕಾಗುತ್ತದೆ.

ಮಾನವರು ತೊರೆದ ಕ್ಯಾಂಪರಿಗೆ ಇತರ ಜೀವಿಗಳು ಬಾಡಿಗೆಯಿಲ್ಲದೆ ಬಂದು ಸೇರಿರುತ್ತವೆ. ಗೋಡೆಯ ಹತ್ತಿಯನ್ನು ಇಲಿಗಳು ಹಾಸಿಗೆಯಾಗಿ ಬಳಸಿದ್ದರೆ ಅದನ್ನು ಪೊರಕೆಯಿಂದ ಒಣಗಿದ್ದಂತೆಯೇ ಗುಡಿಸುವುದು ಸಲ್ಲದು. 1993ರಲ್ಲಿ ಅರಿಜೋನಾ, ನ್ಯೂ ಮೆಕ್ಸಿಕೋ, ಕೊಲರಾಡೋ, ಯೂಟಾ ರಾಜ್ಯಗಳು ಕೂಡುವ ಪ್ರದೇಶದಲ್ಲಿ ಆರೋಗ್ಯವಂತ ತರುಣರನ್ನೇ ಬಲಿ ತೆಗೆದುಕೊಂಡ ಹಂಟಾ ವೈರಾಣುವನ್ನು ಜಿಂಕೆಯಿಲಿ ಎಂಬ ಜಾತಿಯ ಇಲಿಗಳು ಹೊತ್ತಿರುತ್ತವೆಯೆಂದೂ, ಅವುಗಳ ಹಿಕ್ಕೆ ಮೂತ್ರಗಳ ಧೂಳನ್ನು ಉಸಿರಾಡಿದರೆ ಸೋಂಕು ತಗಲುತ್ತದೆಂದೂ ಆಗ ತಿಳಿದುಬಂದಿತು. ಅಂದಿನಿಂದ ಬಾಗಿಲು ಕಿಟಕಿ ತೆರೆದು ಗಾಳಿಯಾಡಿಸಿ, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಸಿಂಪಡಿಸಿ, ನೆನೆದ ಮೇಲೆ ಕೈಗವಸು ತೊಟ್ಟು ಒರೆಸಿ ತೆಗೆಯುವ ಕ್ರಮ ರೂಢಿಗೆ ಬಂದಿದೆ. ಈ ಒಂದು ವಿಷಯದಲ್ಲಿ ಉಳಿತಾಯ ಮಾಡುವುದನ್ನು ಯಾವ ಮಿತವ್ಯಯಿಯೂ ಸಮರ್ಥಿಸುವುದಿಲ್ಲ. ಜೇಡಗಳದ್ದು ಬೇರೆಯ ಬಗೆ. ಅವು ಅನಿಲದ ಉರಿಯ ಸಣ್ಣ ಕೊಳವೆಗಳೊಳಗೆ ಬಲೆ ಹೆಣೆದು, ಒಲೆ ಏಕೆ ಹಳದಿಯಾಗಿ ಉರಿಯುತ್ತದೆ ಎಂಬ ಪ್ರಶ್ನೆಯನ್ನು ಗೃಹಸ್ಥನ ಮುಂದಿಟ್ಟು ತಾವು ಬೇರೆಡೆಗೆ ವಾಸ ಬದಲಿಸಿರುತ್ತವೆ.

ಅನಿಲವೆಂದರೆ ಇಲ್ಲಿ ಪ್ರೊಪೇನ್. ಇದು ಗಾಳಿಗಿಂತ ಒಂದೂವರೆ ಪಟ್ಟು ಭಾರವಾದುದರಿಂದ ಸೋರಿದರೆ ಮೇಲೇರಿ ಹೋಗದೆ ನೆಲದ ಮೇಲೆ ಕೊಳದಂತೆ ನಿಂತು ಕಿಡಿಯೊಂದನ್ನು ಕಾಯುತ್ತದೆ. ಆದ್ದರಿಂದ ಪ್ರತಿ ಕೂಡುಗಂಟಿಗೂ ಸೋಪಿನ ನೀರು ಬಳಿದು ಗುಳ್ಳೆ ಏಳುವುದೋ ಎಂದು ನೋಡುವುದು, ಎದ್ದರೆ ಕೊಳವೆಯನ್ನೇ ಬದಲಿಸುವುದು ಕಡ್ಡಾಯ. ಈ ಪ್ರೊಪೇನಿನಿಂದ ನಡೆಯುವ ಫ್ರಿಜ್ ಕ್ಯಾಂಪರಿನ ಅತ್ಯಂತ ತಾತ್ತ್ವಿಕವಾದ ಅಂಗ. 1922ರಲ್ಲಿ ಸ್ಟಾಕ್‌ಹೋಮಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ವಿದ್ಯಾರ್ಥಿಗಳಾಗಿದ್ದ ಬಾಲ್ಟ್ಸರ್ ಫೊನ್ ಪ್ಲಾಟನ್ ಮತ್ತು ಕಾರ್ಲ್ ಮುಂಟರ್ಸ್ ರೂಪಿಸಿದ ಈ ಯಂತ್ರದಲ್ಲಿ ಮೋಟಾರಿಲ್ಲ, ಚಲಿಸುವ ಭಾಗವೇ ಇಲ್ಲ. ಕೆಳಗೆ ಹಚ್ಚಿದ ಪುಟ್ಟ ಉರಿಯು ನೀರಿನಿಂದ ಅಮೋನಿಯಾವನ್ನು ಕುದಿಸಿ ಬೇರ್ಪಡಿಸುತ್ತದೆ, ಅದು ಮೇಲೆ ಹೋಗಿ ದ್ರವವಾಗಿ, ಜಲಜನಕದ ನೆರವಿನಿಂದ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿ, ಮರಳಿ ನೀರಿನಲ್ಲಿ ಕರಗಿ ಕೆಳಗಿಳಿಯುತ್ತದೆ. ಬೆಂಕಿ ಹಚ್ಚಿದರೆ ಮಂಜುಗಡ್ಡೆಯಾಗುತ್ತದೆ ಎಂಬ ಈ ಸಿದ್ಧಾಂತವನ್ನು ನೆರೆಮನೆಯವರಿಗೆ ವಿವರಿಸಿ ನಂಬಿಸುವುದು ಫ್ರಿಜ್ಜನ್ನು ದುರಸ್ತಿ ಮಾಡುವುದಕ್ಕಿಂತ ಕಷ್ಟ. ದ್ರವಗಳು ತಮ್ಮ ಭಾರದಿಂದಲೇ ಹರಿದು ಬರಬೇಕಾದುದರಿಂದ ಫ್ರಿಜ್ ಸಮತಟ್ಟಾಗಿ ನಿಂತಿರಬೇಕು. ಓರೆಯಾಗಿ ನಿಲ್ಲಿಸಿ ಉರಿಸಿದರೆ ದ್ರವ ಒಂದೆಡೆ ನಿಂತು, ಕೊಳವೆ ಅತಿಯಾಗಿ ಕಾದು, ತುಕ್ಕು ತಡೆಯಲೆಂದು ಬೆರೆಸಿದ ಲವಣ ಹರಳುಗಟ್ಟಿ ದಾರಿ ಮುಚ್ಚುತ್ತದೆ. ಇದಕ್ಕೆ ಪರಂಪರಾಗತವಾಗಿ ಬಂದ ಚಿಕಿತ್ಸೆ ಶೀರ್ಷಾಸನ: ಫ್ರಿಜ್ಜನ್ನು ಕಿತ್ತು ತೆಗೆದು ತಲೆಕೆಳಗಾಗಿ ನಿಲ್ಲಿಸಿ, ಗುಳುಗುಳು ಸದ್ದನ್ನು ಆಲಿಸಿ, ಒಂದು ದಿನ ಬಿಟ್ಟು ನೆಟ್ಟಗೆ ಮಾಡಿ ಉರಿ ಹಚ್ಚುವುದು. ಕೆಲವು ಫ್ರಿಜ್ಜುಗಳು ಇದರಿಂದ ಗುಣ ಹೊಂದಿವೆ. ಹಿಂಭಾಗದಲ್ಲಿ ಹಳದಿ ಪುಡಿ ಉದುರಿ ಅಮೋನಿಯಾ ವಾಸನೆ ಮೂಗಿಗೆ ಬಡಿದರೆ ಮಾತ್ರ ಯೋಗವೂ ನಿಷ್ಪ್ರಯೋಜಕ. ಆಗ ಜೀರ್ಣೋದ್ಧಾರಕನು ಆ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಮಂಜಿನ ಪೆಟ್ಟಿಗೆಯನ್ನಿಟ್ಟು, ಅದು ಪಿಕ್ನಿಕ್ಕಿಗೂ ಬರುತ್ತದೆ ಎಂಬ ಕಾರಣ ಹೇಳಿ ಅದರ ಬೆಲೆಯನ್ನು ಮನೆಖರ್ಚಿಗೆ ಹಾಕುತ್ತಾನೆ.

ಒಳಾಂಗಣದ ಅಲಂಕಾರದ ಕುರಿತು ಹೆಚ್ಚು ಹೇಳಬೇಕಾದ್ದಿಲ್ಲ. 1970ರ ಸುಮಾರಿನ ರುಚಿಗೆ ತಕ್ಕಂತೆ ಒಲೆ ಬೆಣ್ಣೆಹಣ್ಣಿನ ಹಸಿರಾಗಿದ್ದು, ಪರದೆಗಳು ಸಾಸಿವೆ ಹಳದಿಯಾಗಿದ್ದು, ನೆಲಕ್ಕೆ ಉದ್ದ ಕೂದಲಿನ ಕಾರ್ಪೆಟ್ಟಿರುತ್ತದೆ. ಇವನ್ನು ಹಾಗೆಯೇ ಉಳಿಸಬೇಕೆನ್ನುವ ಶುದ್ಧಾಚಾರಿಗಳಿಗೂ, ಎಲ್ಲಕ್ಕೂ ಬಿಳಿಯ ಬಣ್ಣ ಬಳಿಯಬೇಕೆನ್ನುವ ಸುಧಾರಕರಿಗೂ ನಡುವೆ ನಡೆಯುವ ವಾದವನ್ನು ಅಂತಿಮವಾಗಿ ಇತ್ಯರ್ಥಗೊಳಿಸುವುದು ಬಣ್ಣದ ಅಂಗಡಿಯವನು, ಅಂದರೆ ಯಾರೋ ಬೆರೆಸಿಸಿ ಒಯ್ಯದೆ ಬಿಟ್ಟುಹೋದ ಡಬ್ಬಿಯನ್ನು ಅವನು ಎಷ್ಟು ಅಗ್ಗಕ್ಕೆ ಕೊಡುತ್ತಾನೆ ಎಂಬ ಸಂಗತಿ.

ಗಂಭೀರವಾಗಿ ಗಮನಿಸಬೇಕಾದುದು ತೂಕ. ಮೂಲ ತಯಾರಕರ ಬಡಕಲು ರೀಪುಗಳನ್ನೂ ತೆಳು ಹಲಗೆಗಳನ್ನೂ ಕಂಡು ಮರುಗಿದ ಜೀರ್ಣೋದ್ಧಾರಕನು ಈ ಸಲ ಎಲ್ಲವನ್ನೂ ಭದ್ರವಾಗಿ ಕಟ್ಟಬೇಕೆಂದು ನಿಶ್ಚಯಿಸುತ್ತಾನೆ. ನಾಲ್ಕು ಅಡಿಗೆ ಎಂಟು ಅಡಿಯ ಮೂರು ಮಿಲಿಮೀಟರ್ ಪ್ಲೈವುಡ್ ಹಾಳೆ ಐದು ಕಿಲೋ ಆಸುಪಾಸು ತೂಗಿದರೆ ಹದಿನೆಂಟು ಮಿಲಿಮೀಟರಿನದು ಸುಮಾರು ಮೂವತ್ತು ಕಿಲೋ ತೂಗುತ್ತದೆ. ಅಂಥ ಹತ್ತು ಹಾಳೆಗಳು ಸೇರಿ, ಕ್ಯಾಂಪರಿನ ಟ್ಯಾಂಕಿಗೆ ಇಪ್ಪತ್ತು ಗ್ಯಾಲನ್ ನೀರು ಎಂದರೆ ಇನ್ನೊಂದು ಎಪ್ಪತ್ತೈದು ಕಿಲೋ ಬಿದ್ದು, ಅದರ ಮೇಲೆ ಪಾತ್ರೆ, ಹಾಸಿಗೆ, ಭಾವಮೈದುನ ಎಲ್ಲರೂ ಏರಿದಾಗ ಮೂಗಿಗಿಂತ ಮೂಗುತಿ ಭಾರವಾಗಿ, ಟ್ರಕ್ಕಿನ ಹಿಂಭಾಗ ನೆಲಕ್ಕೆ ಬಾಗಿ, ಮುಂದಿನ ದೀಪಗಳು ರಸ್ತೆಯನ್ನು ಬಿಟ್ಟು ನಕ್ಷತ್ರಗಳನ್ನು ಬೆಳಗುತ್ತವೆ. ಇಡೀ ಹೊರೆಯ ಗು‌ರುತ್ವಕೇಂದ್ರವು ಹಿಂದಿನ ಅಚ್ಚಿನಿಂದ ತುಸು ಮುಂದಕ್ಕೆ ಬೀಳಬೇಕೆಂಬುದು ಕ್ಯಾಂಪರ್ ಶಾಸ್ತ್ರದ ಮೂಲನಿಯಮ. ಅದು ಹಿಂದಕ್ಕೆ ಬಿದ್ದರೆ ಮುಂಗಾಲಿಗಳ ಹಿಡಿತ ತಪ್ಪಿ ಚಾಲಕನು ತಿರುಗಿಸಿದತ್ತ ಟ್ರಕ್ ತಿರುಗುವುದನ್ನು ಬಿಡುತ್ತದೆ. ಆದ್ದರಿಂದ ಹೊರಡುವ ಮುನ್ನ ಲಾರಿಗಳನ್ನು ತೂಗುವ ಕಾಟಾದ ಮೇಲೆ ಟ್ರಕ್ಕನ್ನು ನಿಲ್ಲಿಸಿ ಚೀಟಿ ಪಡೆಯುವುದು ವಿವೇಕ. ಆ ಚೀಟಿಯನ್ನು ಓದಿದ ಮೇಲೆ ಟ್ರಕ್ಕಿಗೆ ಹೊಸ ಸ್ಪ್ರಿಂಗುಗಳೂ ಹೊಸ ಟೈರುಗಳೂ ಅಗತ್ಯವೆನಿಸುತ್ತವೆ. ಆದರೆ ಅವು ಟ್ರಕ್ಕಿಗೆ ಸೇರಿದವಾದುದರಿಂದ ಕ್ಯಾಂಪರಿನ ನೋಟ್ ಪುಸ್ತಕ ಇಲ್ಲಿಯೂ ಶುಭ್ರವಾಗಿ ಉಳಿಯುತ್ತದೆ.

ಇಷ್ಟು ವಿವರಗಳ ಆಧಾರದ ಮೇಲೆ ಮಿತವ್ಯಯದ ಜೀರ್ಣೋದ್ಧಾರದ ಲೆಕ್ಕಶಾಸ್ತ್ರವನ್ನು ನಿರೂಪಿಸಬಹುದು. ಉಪಕರಣಗಳು ಆಸ್ತಿಯಾದವು, ಮಂಜಿನ ಪೆಟ್ಟಿಗೆ ಮನೆಖರ್ಚಾಯಿತು, ಟೈರುಗಳು ಟ್ರಕ್ಕಿನ ಪಾಲಾದವು, ತಪ್ಪು ಅಳತೆಗೆ ಕೊಯ್ದ ಹಲಗೆಗಳು ಮುಂದೆ ನಾಯಿಗೂಡಿಗೆ ಬೇಕಾಗುತ್ತವೆ ಎಂದು ಷೆಡ್ಡು ಸೇರಿದವು, ಬೀದಿಯಲ್ಲಿ ಕ್ಯಾಂಪರ್ ನಿಲ್ಲಿಸಿದ್ದಕ್ಕೆ ಬಡಾವಣೆಯ ನಿವಾಸಿಗಳ ಸಂಘ ಹಾಕಿದ ದಂಡವು ದಾನಧರ್ಮದ ಕೆಳಗೆ ಹೋಯಿತು. ಪುಸ್ತಕದಲ್ಲಿ ಉಳಿದದ್ದು ಬ್ಯುಟೈಲ್ ಪಟ್ಟಿ, ಸ್ಕ್ರೂ ಮತ್ತು ಅರ್ಧ ಬೆಲೆಯ ಬಣ್ಣ. ಇವುಗಳ ಮೊತ್ತ ಮೊದಲ ಪುಟದ ಅಂದಾಜಿಗಿಂತ ಕಡಿಮೆಯೇ ಆಗುವುದರಿಂದ ಯೋಜನೆ ಬಜೆಟ್ಟಿನೊಳಗೆ ಮುಗಿಯಿತು ಎಂಬ ಘೋಷಣೆಯಲ್ಲಿ ಸುಳ್ಳಿಲ್ಲ. ಎಲ್ಲಕ್ಕಿಂತ ದೊಡ್ಡ ವೆಚ್ಚವಾದ ಶ್ರಮ ಯಾವ ಕಲಮಿಗೂ ಬರಲಿಲ್ಲ. ವಿಮರ್ಶಕರು ಇದನ್ನು ಆತ್ಮವಂಚನೆ ಎಂದು ಕರೆಯಬಹುದು. ಆದರೆ ಸೂಕ್ಷ್ಮವಾಗಿ ನೋಡಿದರೆ, ಕೂಲಿ ಕೊಟ್ಟು ಮಾಡಿಸಿದ್ದರೆ ಅವನಿಗೆ ದೊರಕುತ್ತಿದ್ದದ್ದು ಕ್ಯಾಂಪರ್ ಒಂದೇ, ತಾನೇ ಮಾಡಿದ್ದರಿಂದ ದೊರಕಿದ್ದು ಶನಿವಾರಗಳು. ಕಚೇರಿಯಲ್ಲಿ ವರ್ಷವಿಡೀ ಕಣ್ಣಿಗೆ ಕಾಣದ ಕಡತಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸರಿಸುವವನಿಗೆ, ಬೆಳಿಗ್ಗೆ ಕುಂಬಾಗಿದ್ದ ಮೂಲೆ ಸಂಜೆಗೆ ಗಟ್ಟಿಯಾಗಿರುವುದನ್ನು ಬೆರಳಿನಿಂದ ತಟ್ಟಿ ನೋಡುವ ಅವಕಾಶ ಬೇರೆಲ್ಲೂ ಅಗ್ಗವಾಗಿ ಸಿಗುವುದಿಲ್ಲ. ಅವನು ಕೊಂಡದ್ದೇ ಅದನ್ನು, ಕ್ಯಾಂಪರ್ ಅದರ ಜೊತೆಗೆ ಬಂದ ಸರಕು. ಮುಗಿದ ಕ್ಯಾಂಪರನ್ನು ಮಾರಿ ಇನ್ನೊಂದು ಮುರುಕನ್ನು ತರುವವರ ಸಂಖ್ಯೆ ಆ ದೇಶದಲ್ಲಿ ಕಡಿಮೆಯಿಲ್ಲದಿರುವುದಕ್ಕೆ ಬೇರೆ ವಿವರಣೆ ಹೊಳೆಯುವುದಿಲ್ಲ.

ಇಷ್ಟಾದ ಮೇಲೂ ಬಂಧುಗಳಿಂದ ಬರುವ ಕೊನೆಯ ಆಕ್ಷೇಪ ಒಂದಿದೆ: ಇದಕ್ಕಿಂತ ಮೋಟೆಲಿನಲ್ಲಿ ಕೋಣೆ ಹಿಡಿಯುವುದೇ ಅಗ್ಗವಾಗುತ್ತಿರಲಿಲ್ಲವೇ. ಸಾರ್ವಜನಿಕ ಭೂಮಿಯನ್ನು ನೋಡಿಕೊಳ್ಳುವ ಸರ್ಕಾರಿ ಇಲಾಖೆಯು ಪಶ್ಚಿಮದ ರಾಜ್ಯಗಳಲ್ಲಿ ಬಹುತೇಕ ಕಡೆ 28 ದಿನಗಳ ಅವಧಿಯಲ್ಲಿ 14 ದಿನ ಒಂದೇ ಸ್ಥಳದಲ್ಲಿ ಉಚಿತವಾಗಿ ತಂಗಲು ಬಿಡುತ್ತದೆ ಎಂಬುದು ಇದಕ್ಕೆ ಕೊಡುವ ಸಾಮಾನ್ಯ ಉತ್ತರವಾದರೂ, ಲೆಕ್ಕ ಹಾಕಿದರೆ ಆಕ್ಷೇಪವೇ ಗೆಲ್ಲುತ್ತದೆ. ಈ ಪ್ರಶ್ನೆ ದೊಡ್ಡವರನ್ನೂ ಬಿಟ್ಟಿಲ್ಲ. ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1960ರಲ್ಲಿ ಹೊಸ ಜಿಎಂಸಿ ಪಿಕಪ್ಪಿನ ಮೇಲೆ ಕ್ಯಾಂಪರ್ ಕೂರಿಸಿ, ಅದಕ್ಕೆ ಡಾನ್ ಕ್ವಿಕ್ಸೋಟನ ಬಡಕಲು ಕುದುರೆಯ ನೆನಪಿನಲ್ಲಿ ರೊಸಿನಾಂಟೆ ಎಂದು ಹೆಸರಿಟ್ಟು, ಚಾರ್ಲಿ ಎಂಬ ನಾಯಿಯನ್ನು ಜೊತೆಗಿಟ್ಟುಕೊಂಡು ದೇಶ ಸುತ್ತಿದರು. ಆ ಪ್ರವಾಸದ ಪುಸ್ತಕ 1962ರಲ್ಲಿ ಪ್ರಕಟವಾಗಿ ಕ್ಯಾಂಪರ್ ಬಾಳ್ವೆಗೆ ಕೀರ್ತಿ ತಂದಿತು. ಆದರೆ ಅವರು ಅನೇಕ ರಾತ್ರಿಗಳನ್ನು ಹೋಟೆಲು ಮೋಟೆಲುಗಳಲ್ಲಿಯೇ ಕಳೆದರೆಂಬುದನ್ನು ನಂತರದ ಸಂಶೋಧಕರು ತೋರಿಸಿಕೊಟ್ಟರು. ಅವರ ಕ್ಯಾಂಪರ್ ಇಂದು ಕ್ಯಾಲಿಫೋರ್ನಿಯಾದ ಸಲೀನಾಸಿನ ವಸ್ತುಸಂಗ್ರಹಾಲಯದಲ್ಲಿ, ಮಳೆ ತಾಗದ ಮಾಡಿನ ಕೆಳಗೆ, ಜೀರ್ಣೋದ್ಧಾರಕರ ಅಸೂಯೆಗೆ ಪಾತ್ರವಾಗಿ ನಿಂತಿದೆ. ಹೊಸ ಕ್ಯಾಂಪರ್ ಕೊಂಡವರು ಮೋಟೆಲಿಗೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಅದರ ಗೋಡೆಯೊಳಗೆ ಏನಿದೆಯೆಂದು ತಿಳಿಯುವ ಅಗತ್ಯ ಅವರಿಗೆ ಬಿದ್ದಿರಲಿಲ್ಲ. ಹಳೆಯದನ್ನು ಕಟ್ಟಿದವನಾದರೋ ಮಧ್ಯರಾತ್ರಿಯ ಮಳೆಯಲ್ಲಿ ಮೊದಲ ಹನಿ ಹಣೆಗೆ ಬಿದ್ದ ಕೂಡಲೇ, ಅದು ಎಡಗಡೆಯ ಎರಡನೆಯ ದೀಪದ ಮೇಲಿನ ಸ್ಕ್ರೂನಿಂದ ಬಂದದ್ದೆಂದು ಕಣ್ಣು ತೆರೆಯದೆಯೇ ಹೇಳಬಲ್ಲನು. ಮಾರುಕಟ್ಟೆಯಲ್ಲಿ ಈ ಜ್ಞಾನಕ್ಕೆ ಬೆಲೆಯಿಲ್ಲದಿರುವುದರಿಂದ ಅದರ ಖರ್ಚನ್ನು ಪುಸ್ತಕದಲ್ಲಿ ಬರೆಯದೆ ಬಿಟ್ಟದ್ದು ಲೆಕ್ಕಶಾಸ್ತ್ರದ ದೃಷ್ಟಿಯಿಂದಲೂ ಸರಿಯಾಗಿಯೇ ಇದೆ.